ಎಲ್ಲಿಂದ? ಎಷ್ಟು?

ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ‘ಸಿ’ ಭಾಷೆಯ ಹೆಸರು ಕೇಳದವರು ವಿರಳ. ೧೯೭೨ರ ಸುಮಾರಿಗೆ ಅಮೇರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಡೆನ್ನಿಸ್ ರಿಚಿಯವರು ರೂಪಿಸಿದ ಈ ಗಣಕಭಾಷೆಯಲ್ಲಿ ಮಕ್ಕಳು ಎಡವುವ ತಾಣವೊಂದುಂಟು; ಅದೇ ‘ಪಾಯಿಂಟರ್’. ಈ ಸಲ ಅದನ್ನು ನಮ್ಮ ಲೋಕಲ್ ಗಾಡಿಯ ದಾರಿಯಲ್ಲಿಯೇ ನೋಡೋಣ.

ಚರ್ಚ್‌ಗೇಟಿನಿಂದ ಬಾಂದ್ರಾವರೆಗೆ ಸ್ಲೋ ಗಾಡಿ ನಿಲ್ಲುವ ಸ್ಟೇಶನ್ನುಗಳು ೧೨. ಅವುಗಳ ಹೆಸರುಗಳನ್ನು ಗಣಕದ ನೆನಪಿನಲ್ಲಿ ಸಾಲಾಗಿ ಇಟ್ಟರೆ ಅದು ‘ಅರೇ’. ‘ಸಿ’ಯ ಎಣಿಕೆ ಸೊನ್ನೆಯಿಂದ ಮೊದಲು. ಮೊದಲ ಮನೆಯಿಂದ ಎಷ್ಟು ಮನೆ ದಾಟಬೇಕೆಂಬುದೇ ಆ ಅಂಕೆಯ ಅರ್ಥ. ಆದುದರಿಂದ ಚರ್ಚ್‌ಗೇಟ್ ೦, ಮರೀನ್ ಲೈನ್ಸ್ ೧, ದಾದರ್ ೮, ಬಾಂದ್ರಾ ೧೧.

ಲೋವರ್ ಪರೇಲಿನಿಂದ ಬಾಂದ್ರಾವರೆಗಿನ ೬ ಹೆಸರುಗಳಷ್ಟೇ ಬೇಕಾದರೆ ಅವನ್ನು ಬೇರೆ ಕಡೆ ನಕಲು ಮಾಡಬೇಕಾಗಿಲ್ಲ. ೬ನೆಯ ಅಂಕೆಯ ಲೋವರ್ ಪರೇಲಿನ ವಿಳಾಸವನ್ನು ಪಾಯಿಂಟರಿಗೆ ಕೊಟ್ಟರೆ ಸಾಕು. ಅಲ್ಲಿಂದ ನೋಡುವವನಿಗೆ ಲೋವರ್ ಪರೇಲೇ ೦, ಮುಂದಿನದು ೧. ಆ ಮುಂದಿನ ಎಲ್ಫಿನ್‌ಸ್ಟನ್ ರೋಡ್ ೨೦೧೮ರಲ್ಲಿ ಪ್ರಭಾದೇವಿಯಾಯಿತಷ್ಟೆ. ಪಾಯಿಂಟರಿನ ೧ರಲ್ಲಿ ಹೊಸ ಹೆಸರು ಬರೆದರೆ ಮೂಲ ಪಟ್ಟಿಯ ೭ರಲ್ಲಿಯೂ ಅದೇ ಇರುತ್ತದೆ. ಎರಡೂ ಒಂದೇ ಜಾಗವಲ್ಲವೇ? ನಕಲು ಮಾಡಿದ್ದರೆ ಒಂದರಲ್ಲಿ ಹೊಸದು, ಇನ್ನೊಂದರಲ್ಲಿ ಹಳೆಯದು ಉಳಿಯುತ್ತಿತ್ತು.

ಆದರೆ ಪಾಯಿಂಟರಿಗೆ ಆರಂಭ ಗೊತ್ತು, ಅಂತ್ಯ ಗೊತ್ತಿಲ್ಲ. ಇಂಥ ತುಂಡನ್ನು ಫಂಕ್ಷನ್ನಿಗೆ ಒಪ್ಪಿಸುವಾಗ ವಿಳಾಸದ ಜೊತೆಗೆ ‘೬’ ಎಂಬ ಎಣಿಕೆಯನ್ನೂ ಕೊಡಬೇಕು. ಮರೆತು ‘೧೦’ ಎಂದರೆ ‘ಸಿ’ ತಾನಾಗಿ ತಡೆಯುವುದಿಲ್ಲ. ಊರಿನಲ್ಲಿ ಬಾಂದ್ರಾ ದಾಟಿದರೆ ಖಾರ್ ರೋಡ್ ಸಿಕ್ಕೀತು. ಗಣಕದ ನೆನಪಿನಲ್ಲಿ ಪಟ್ಟಿ ದಾಟಿದರೆ ಸಿಕ್ಕುವುದು ಬೇರೊಬ್ಬರ ಗಂಟು.

ಇದು ಬರಿಯ ಪರೀಕ್ಷೆಯ ಮಾತಲ್ಲ. ೨೦೧೪ರ ಏಪ್ರಿಲ್‌ನಲ್ಲಿ ಬಯಲಾದ ‘ಹಾರ್ಟ್‌ಬ್ಲೀಡ್’ ದೋಷ ಇದೇ ಜಾತಿಯದು. ಜಾಲತಾಣಗಳ ಗುಟ್ಟು ಕಾಯುತ್ತಿದ್ದ ‘ಓಪನ್ ಎಸ್‌ಎಸ್‌ಎಲ್’ ಎಂಬ ‘ಸಿ’ ತಂತ್ರಾಂಶ, ಕೇಳಿದವನು ಹೇಳಿದ ಉದ್ದವನ್ನೇ ನಂಬಿ, ಅಷ್ಟನ್ನೂ ಅಳೆದು ಕೊಡುತ್ತಿತ್ತು. ಪುಟ್ಟ ಸಂದೇಶ ಕಳಿಸಿ ದೊಡ್ಡ ಉದ್ದ ಹೇಳಿದವನಿಗೆ ಒಮ್ಮೆಗೆ ೬೪ ಕಿಲೋಬೈಟಿನವರೆಗೆ ಪಕ್ಕದ ನೆನಪು ಸಿಕ್ಕುತ್ತಿತ್ತು; ಅದರಲ್ಲಿ ಪಾಸ್‌ವರ್ಡುಗಳೂ ಇರಬಹುದಾಗಿತ್ತು. ಪರಿಹಾರ ಸರಳ: ಹೇಳಿದ ಉದ್ದ ನಿಜವಾದ ಉದ್ದವನ್ನು ಮೀರಿದರೆ ಕೋರಿಕೆಯನ್ನು ತಳ್ಳಿಹಾಕುವುದು.

ಮನೆಯ ಮಕ್ಕಳು ಪಾಯಿಂಟರ್ ಬರೆಯುವಾಗ ಹಿರಿಯರು, ‘ಸಿ’ ಬಾರದಿದ್ದರೂ, ಎರಡು ಪ್ರಶ್ನೆ ಕೇಳಬಹುದು: “ಎಲ್ಲಿಂದ, ಮಗು? ಎಷ್ಟು?” ಎರಡಕ್ಕೂ ಉತ್ತರ ಬಂದರೆ ಪಾಠ ಅರ್ಥವಾಯಿತೆಂದೇ ನಾವು ತಿಳಿಯುತ್ತೇವೆ.