ಎಚ್ಚರ ತಪ್ಪದಿದ್ದರೆ ತಲೆಪೆಟ್ಟು ಅಪಾಯವಲ್ಲವೇ? ಒಬ್ಬ ಐಸ್ ಹಾಕಿ ಆಟಗಾರನ ಬದುಕು ಹೇಳುವುದೇನು?

ಚಿಕ್ಕವರಿದ್ದಾಗ ಇಬ್ಬರ ತಲೆ ಒಮ್ಮೆ ಡಿಕ್ಕಿಯಾದರೆ "ಇನ್ನೊಂದು ಸಲ ಡಿಕ್ಕಿ ಹೊಡಿ, ಇಲ್ದಿದ್ರೆ ಕೊಂಬು ಬರುತ್ತೆ" ಎನ್ನುತ್ತಿದ್ದುದು ನೆನಪಿದೆಯೇ? ಕೊಂಬಿನ ಮಾತನ್ನು ದೊಡ್ಡವರು ಯಾರೂ ನಂಬುವುದಿಲ್ಲ. ಆದರೆ ಅಂಥದ್ದೇ ಇನ್ನೊಂದು ನಂಬಿಕೆ ದೊಡ್ಡವರಲ್ಲೂ ಇದೆ. ಹಾಸನವಿರಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣವಿರಲಿ, ಕಬಡ್ಡಿ ಆಡುವಾಗ ಹುಡುಗನ ತಲೆಗೆ ಪೆಟ್ಟು ಬಿದ್ದರೆ ಸುತ್ತಲಿನವರು ಹೇಳುವುದು ಒಂದೇ: "ಎಚ್ಚರ ತಪ್ಪಿಲ್ಲ, ರಕ್ತ ಬಂದಿಲ್ಲ, ಏನೂ ಆಗಿಲ್ಲ. ಮುಖ ತೊಳ್ಕೊಂಡು ಬಂದು ಆಡು."

ಇದು ನಿಜವೇ? ಅಲ್ಲ. ಏಕೆಂದು ತಿಳಿಯಲು ಕೆನಡಾದ ಒಬ್ಬ ಆಟಗಾರನ ಕಥೆ ನೋಡೋಣ.

ಯಾರು ಈ ಆಟಗಾರ?

ಹಾಕಿ ಡಿಫೆಂಡರ್ ಎಂದರೆ ನಮಗೆ ನೆನಪಾಗುವುದು ಅರಕಲಗೂಡಿನ ಪಕ್ಕದ ಜಿಲ್ಲೆ ಕೊಡಗಿನ ವಿ.ಆರ್. ರಘುನಾಥ್. 2012ರ ಲಂಡನ್ ಮತ್ತು 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅವರು ಭಾರತದ ಪರ ಆಡಿದ್ದರು. ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿಯಲ್ಲೂ ಡಿಫೆಂಡರ್ ಕೆಲಸ ಅದೇ: ಎದುರಾಳಿಯನ್ನು ಗೋಲಿನ ಬಳಿ ಬಿಡದಿರುವುದು. ಆದರೆ ಅಲ್ಲಿ ವೇಗವಾಗಿ ಜಾರಿ ಬಂದು ಭುಜದಿಂದ ಗುದ್ದಿ ತಡೆಯುವುದಕ್ಕೂ ನಿಯಮದಲ್ಲಿ ಅವಕಾಶವಿದೆ.

1979ರಲ್ಲಿ ವ್ಯಾಂಕೂವರ್‌ನಲ್ಲಿ ಹುಟ್ಟಿದ ಸ್ಟೀವ್ ಮೊಂಟಡೋರ್ ಇಂಥ ಡಿಫೆಂಡರ್. ಉತ್ತರ ಅಮೆರಿಕದ ಅತಿ ದೊಡ್ಡ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಆರು ತಂಡಗಳ ಪರ 571 ಪಂದ್ಯ ಆಡಿದರು. 2004ರಲ್ಲಿ ಫೈನಲ್ ತಲುಪಿದ ಕ್ಯಾಲ್ಗರಿ ತಂಡದಲ್ಲೂ ಇದ್ದರು. ಈ ನಡುವೆ ಹಲವು ಬಾರಿ ತಲೆಗೆ ಪೆಟ್ಟು ಬಿತ್ತು. 2012ರಲ್ಲಿ ಬಿದ್ದ ಪೆಟ್ಟುಗಳ ನಂತರ ಅವರು ಎನ್‌ಎಚ್‌ಎಲ್‌ಗೆ ಮರಳಲೇ ಇಲ್ಲ. ಕೊನೆಯ ವರ್ಷಗಳಲ್ಲಿ ಖಿನ್ನತೆ ಮತ್ತು ಮರೆವು ಅವರನ್ನು ಕಾಡಿದವು. 2015ರ ಫೆಬ್ರವರಿಯಲ್ಲಿ ತೀರಿಕೊಂಡಾಗ ವಯಸ್ಸು ಕೇವಲ 35.

ಅವರ ಮೆದುಳನ್ನು ಟೊರಾಂಟೊದಲ್ಲಿ ಪರೀಕ್ಷಿಸಿದಾಗ ಸಿಟಿಇ ಎಂಬ ಕಾಯಿಲೆ ಕಂಡುಬಂತು. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರಲ್ಲಿ ಕಾಣಿಸುವ ಈ ಕಾಯಿಲೆಯಲ್ಲಿ 'ಟೌ' ಎಂಬ ಪ್ರೋಟೀನ್ ಮೆದುಳಿನಲ್ಲಿ ಅಸಹಜವಾಗಿ ಸೇರಿಕೊಳ್ಳುತ್ತದೆ. ಸಾವಿನ ನಂತರವಷ್ಟೇ ಇದನ್ನು ಖಚಿತಪಡಿಸಬಹುದು. ಮೊಂಟಡೋರ್ ಸತ್ತಿದ್ದು ಇದರಿಂದಲೇ ಎಂದು ಹೇಳಲಾಗದು. ತಲೆಪೆಟ್ಟು ಬಿದ್ದವರಿಗೆಲ್ಲ ಈ ಕಾಯಿಲೆ ಬರುತ್ತದೆ ಎಂಬುದೂ ಸುಳ್ಳು. ಹಾಗೆ ಹೇಳುವ ಸಂದೇಶ ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.

ಎಚ್ಚರ ತಪ್ಪದಿದ್ದರೂ ಅಪಾಯ ಹೇಗೆ?

ತಲೆಬುರುಡೆಯೊಳಗೆ ಮೆದುಳು ದ್ರವದಲ್ಲಿ ತೇಲುವಂತೆ ಇರುತ್ತದೆ. ತಲೆ ಜೋರಾಗಿ ಅಲುಗಿದರೆ ಒಳಗಿನ ಮೆದುಳೂ ಅಲುಗಿ, ಅದರ ಕೆಲಸ ಸ್ವಲ್ಪ ಕಾಲ ಏರುಪೇರಾಗುತ್ತದೆ. ಇದನ್ನು ವೈದ್ಯರು ಕನ್‌ಕಷನ್ ಎನ್ನುತ್ತಾರೆ. ಇದಾದ ಹೆಚ್ಚಿನವರಿಗೆ ಎಚ್ಚರ ತಪ್ಪುವುದೇ ಇಲ್ಲ. ಸಿಟಿ ಸ್ಕ್ಯಾನ್‌ನಲ್ಲೂ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ತಲೆನೋವು, ತಲೆಸುತ್ತು, ಮಂಕು, ಕೇಳಿದ್ದನ್ನೇ ಮತ್ತೆ ಕೇಳುವುದು ಇದರ ಗುರುತುಗಳು. ಹೆಚ್ಚಿನವರು ಕೆಲವೇ ವಾರಗಳಲ್ಲಿ ಪೂರ್ತಿ ಗುಣವಾಗುತ್ತಾರೆ. ಗುಣವಾಗುವ ಮೊದಲೇ ಮತ್ತೊಂದು ಪೆಟ್ಟು ಬಿದ್ದರೆ ಕಷ್ಟ. ಅಪರೂಪಕ್ಕೆ, ಮುಖ್ಯವಾಗಿ ಎಳೆಯ ವಯಸ್ಸಿನವರಲ್ಲಿ, ಮೆದುಳು ಊದಿಕೊಂಡು ಜೀವಕ್ಕೇ ಕುತ್ತು ಬರಬಹುದು.

ಹಾಗಾದರೆ ಏನು ಮಾಡಬೇಕು?

• ಅನುಮಾನವಿದ್ದರೆ ಆಟ ಅಲ್ಲಿಗೇ ನಿಲ್ಲಿಸಿ. ಅದೇ ದಿನ ಮತ್ತೆ ಮೈದಾನಕ್ಕೆ ಇಳಿಸಬೇಡಿ. ವೈದ್ಯರಿಗೆ ತೋರಿಸಿ.

• ಒಂದೆರಡು ದಿನ ವಿಶ್ರಾಂತಿ ಕೊಡಿ. ನಂತರ ನಡಿಗೆ, ಓದು, ಓಟ ಹೀಗೆ ಹಂತಹಂತವಾಗಿ ಶುರು ಮಾಡಲಿ. ಪೂರ್ತಿ ಆಟಕ್ಕೆ ವೈದ್ಯರು ಒಪ್ಪಿದ ಮೇಲೆಯೇ ಇಳಿಯಲಿ.

• ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಫಿಟ್ಸ್, ತೊದಲು ಮಾತು, ಕೈಕಾಲು ಸೋಲು, ಎಬ್ಬಿಸಿದರೂ ಏಳದಷ್ಟು ಮಂಪರು, ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೇ ನೀರು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ 108ಕ್ಕೆ ಕರೆ ಮಾಡಿ.

• "ತಲೆಗೆ ಪೆಟ್ಟಾದವರನ್ನು ಮಲಗಲು ಬಿಡಬಾರದು" ಎಂಬುದೂ ಪೂರ್ತಿ ನಿಜವಲ್ಲ. ವೈದ್ಯರು ನೋಡಿ, ಅಪಾಯದ ಲಕ್ಷಣವಿಲ್ಲ ಎಂದರೆ ನಿದ್ದೆ ಒಳ್ಳೆಯದೇ.

ಬೈಕಿನಿಂದ ಬಿದ್ದವರಿಗೂ ಈ ಮಾತುಗಳು ಅನ್ವಯ. ಹೆಲ್ಮೆಟ್ ತಲೆಬುರುಡೆ ಒಡೆಯುವಂಥ ದೊಡ್ಡ ಗಾಯವನ್ನು ತಪ್ಪಿಸಬಲ್ಲದು, ಆದ್ದರಿಂದ ಹಾಕಲೇಬೇಕು. ಆದರೆ ಒಳಗಿನ ಮೆದುಳು ಅಲುಗುವುದನ್ನು ಅದು ಪೂರ್ತಿ ತಡೆಯಲಾರದು. ಮೊಂಟಡೋರ್ ಕೂಡ ಹೆಲ್ಮೆಟ್ ಹಾಕಿಯೇ ಆಡುತ್ತಿದ್ದರು.

ಮಕ್ಕಳನ್ನು ಆಟದಿಂದ ದೂರವಿಡಿ ಎಂದು ನಾವು ಹೇಳುತ್ತಿಲ್ಲ. ಆಡಲಿ, ಚೆನ್ನಾಗಿ ಆಡಲಿ. ಪೆಟ್ಟು ಬಿದ್ದ ದಿನ ಮಾತ್ರ "ಏನೂ ಆಗಿಲ್ಲ, ಆಡು" ಎನ್ನಬೇಡಿ. "ಇವತ್ತು ಸಾಕು, ಕೂತ್ಕೋ" ಎನ್ನಿ. ನಿಮ್ಮೂರಿನ ಶಾಲೆಯ ಪಿಟಿ ಮೇಷ್ಟ್ರಿಗೂ ಇದನ್ನು ಕಳುಹಿಸಿ.