ವೈದ್ಯರ ತಪ್ಪು ಮತ್ತು ರೋಗಿಯ ಸಾಕ್ಷ್ಯ

2017ರ ನವೆಂಬರಿನಲ್ಲಿ ಕರ್ನಾಟಕದ ಖಾಸಗಿ ವೈದ್ಯರು ಮುಷ್ಕರ ಹೂಡಿದಾಗ ನಮ್ಮ ಮೈಸೂರಿನಲ್ಲಿಯೂ ಹೊರರೋಗಿ ವಿಭಾಗಗಳು ಮುಚ್ಚಿದ್ದುವು. ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ ಮಸೂದೆಯಲ್ಲಿದ್ದ ದರನಿಯಂತ್ರಣವೂ ಸೆರೆವಾಸದ ವಿಧಿಯೂ ಕಲಹಕ್ಕೆ ಕಾರಣ. ಕಡೆಗೆ ಸರ್ಕಾರವು ಮಸೂದೆಯನ್ನು ಸಡಿಲಿಸಿತು. ವಾದವು ಬಹುಮಟ್ಟಿಗೆ ದಂಡನೆಯ ಸುತ್ತ ನಡೆಯಿತೇ ಹೊರತು, ತಪ್ಪನ್ನು ಕಂಡುಹಿಡಿಯುವ ಬಗೆಯ ಕಡೆಗೆ ಗಮನ ಸಾಕಷ್ಟು ಹರಿಯಲಿಲ್ಲ.

ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಎಚ್ಚರದಿಂದ ಅಳೆದವನ ಅಳತೆಯಲ್ಲಿಯೂ ದೋಷವಿರುತ್ತದೆ; ಉಪಕರಣದ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡದೆ ಅಳೆಯುವುದು ಬೇರೆ. ನ್ಯಾಯಶಾಸ್ತ್ರವೂ ಈ ಭೇದವನ್ನು ಒಪ್ಪುತ್ತದೆ. ಘೋರ ನಿರ್ಲಕ್ಷ್ಯವಿದ್ದ ಹೊರತು ವೈದ್ಯನನ್ನು ಅಪರಾಧಿಯೆನ್ನಲಾಗದೆಂದು 2005ರ ಜೇಕಬ್ ಮ್ಯಾಥ್ಯೂ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು. ಹಣ ತೆತ್ತು ಚಿಕಿತ್ಸೆ ಪಡೆದವರು ಪರಿಹಾರ ಬೇಡುವುದಾದರೆ, 1995ರ ತೀರ್ಪಿನಿಂದ ಗ್ರಾಹಕ ನ್ಯಾಯಾಲಯದ ಬಾಗಿಲು ತೆರೆದಿದೆ. ಆದರೆ ಅಲ್ಲಿಯೂ ನಿರ್ಲಕ್ಷ್ಯವನ್ನು ಸಿದ್ಧಪಡಿಸಿ ತೋರಿಸುವ ಹೊಣೆ ಸಾಮಾನ್ಯವಾಗಿ ರೋಗಿಯದೇ; ಬೇಕಾದ ಕಾಗದಪತ್ರಗಳೋ ಆಸ್ಪತ್ರೆಯ ಕಪಾಟಿನಲ್ಲಿ!

ಪ್ರಯೋಗದ ಟಿಪ್ಪಣಿಯನ್ನು ತಿಂಗಳಾದ ಮೇಲೆ ತಿದ್ದಬಹುದಾದರೆ ಫಲಿತಾಂಶವನ್ನು ಯಾರು ನಂಬುವರು? ರೋಗಿ ಕೇಳಿದ 72 ಗಂಟೆಗಳೊಳಗೆ ದಾಖಲೆಯನ್ನು ಕೊಡಬೇಕೆಂದು 2002ರ ವೈದ್ಯಕೀಯ ಪರಿಷತ್ತಿನ ನಿಯಮವುಂಟು. ನಮ್ಮಲ್ಲಿ ಎಷ್ಟು ಮಂದಿ ಇದನ್ನು ಬಲ್ಲರು? ಬಲ್ಲವರಿಗೂ, ಕೇಳಿದರೆ ವೈದ್ಯರು ಮುನಿದಾರೆಂಬ ಅಳುಕು. ಕೇಳುವ ಪ್ರಸಂಗವೇ ಬಾರದಿರಲಿ: ಕೊಟ್ಟ ಔಷಧ, ಅದರ ಪ್ರಮಾಣ, ಕೊಟ್ಟ ವೇಳೆ ಇವನ್ನು ಬರೆದ ಹಾಳೆಯ ಪ್ರತಿಯನ್ನು ದಿನದಿನವೂ ರೋಗಿಯ ಮನೆಯವರಿಗೆ ಕೊಡಬೇಕೆಂದು ಶಾಸನವಾಗಬೇಕು. ನಿರಪರಾಧಿಯಾದ ವೈದ್ಯನ ಪರವಾಗಿ ನುಡಿಯುವುದೂ ಅದೇ ಹಾಳೆಯಲ್ಲವೆ?