ಒಬ್ಬರ ಅಡುಗೆಯೂ ಬಿಸಿಯಾಗಿರಲಿ

ಮೂರು ವರ್ಷಗಳ ಹಿಂದೆ 74 ವರ್ಷದ ತಾಯಿಯೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದರು. ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ನಡುನಡುವೆ ಭೇದಿ. ಆಮ್ಲಪಿತ್ತವೆಂದು ತಿಳಿದು ಎರಡು ತಿಂಗಳು ಔಷಧಿ ಕೊಟ್ಟೆ. ಸೇವಿಸುವಷ್ಟು ದಿನ ಗುಣ. ಬಿಟ್ಟೊಡನೆ ಮತ್ತೆ ಅದೇ ಪಾಡು. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಆಗ ಕೇಳಿದೆ: “ನಿನ್ನೆ ಏನು ಉಂಡಿರಿ?” ಅಂದು ಬುಧವಾರ. ಸೋಮವಾರ ಮಾಡಿದ ಅನ್ನವನ್ನು ಮಂಗಳವಾರ ಎರಡು ಹೊತ್ತು ಉಂಡು, ಉಳಿದುದಕ್ಕೆ ಅಂದು ಬೆಳಿಗ್ಗೆ ಒಗ್ಗರಣೆ ಹಾಕಿ ಮುಗಿಸಿದ್ದರು. “ಪ್ರಸಾದ ಚೆಲ್ಲಬಾರ್ದಲ್ರೀ ಡಾಕ್ಟ್ರೇ. ಒಬ್ಬಾಕಿ ಸಲುವಾಗಿ ದಿನಾ ಎರಡು ಸಲ ಒಲಿ ಹಚ್ಚಲೇನ್ರಿ?” ಎಂದರು.

ಇಂತಹ ಮನೆಗಳು ಇಂದು ಊರೂರಲ್ಲಿವೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ಹತ್ತು ಜನರಿಗೆ ಬೇಯಿಸಿದ ಕೈಗೆ ಒಂದು ಮುಷ್ಟಿ ಅಕ್ಕಿಯ ಅಳತೆ ತಿಳಿಯುವುದಿಲ್ಲ. ಪತ್ನಿಯನ್ನು ಕಳೆದುಕೊಂಡ ಹಿರಿಯರಿಗಂತೂ ಒಲೆಯ ಪರಿಚಯವೇ ಇರುವುದಿಲ್ಲ. ಬಾಳೆಹಣ್ಣು, ಬ್ರೆಡ್ಡು, ಚಹಾದಲ್ಲಿ ರಾತ್ರಿಯ ಊಟ ಮುಗಿಯುತ್ತದೆ.

ಆ ತಾಯಿಯ ಮಗಳು ಸಣ್ಣದೊಂದು ವಿದ್ಯುತ್ ಕುಕ್ಕರನ್ನು ಕೊಡಿಸಲೇ ಎಂದು ನನ್ನನ್ನು ಕೇಳಿದಾಗ ನಾನು ಬೇಡವೆಂದಿದ್ದೆ. ಚೆನ್ನಾಗಿ ತೊಳೆದು, ಗಂಜಿ ಬಸಿದು, ಹದವಾಗಿ ಬೆಂದ ಬಿಸಿ ಅನ್ನವು ಲಘುವೆಂದು ಚರಕ ಸಂಹಿತೆ ಹೇಳುತ್ತದೆ. ಈ ಯಂತ್ರದಲ್ಲಿ ಗಂಜಿ ಬಸಿಯುವುದಿಲ್ಲ; ನೀರೆಲ್ಲವೂ ಅನ್ನದಲ್ಲೇ ಇಂಗುತ್ತದೆ, ಅನ್ನ ಗುರುವಾಗುತ್ತದೆ. ಇದು ನನ್ನ ಆಕ್ಷೇಪವಾಗಿತ್ತು. ಮಗಳು ನನ್ನ ಮಾತನ್ನು ಮೀರಿ ಕೊಡಿಸಿದಳು. ಮುಂದಿನ ಮೂರು ತಿಂಗಳನ್ನು ಆ ತಾಯಿ ಔಷಧಿಯಿಲ್ಲದೆ ಕಳೆದರು. ಒಬ್ಬರ ಅನುಭವದಿಂದ ಸಿದ್ಧಾಂತ ಕಟ್ಟಲಾಗದು, ನಿಜ. ಆದರೂ ನನ್ನ ಆಕ್ಷೇಪವನ್ನು ಮತ್ತೊಮ್ಮೆ ತೂಗಿ ನೋಡಬೇಕಾಯಿತು.

ನಾನು ಹೋಲಿಸಿದ್ದು ಯಾವುದರೊಂದಿಗೆ? ಕಟ್ಟಿಗೆಯ ಒಲೆಯ ಮೇಲೆ ಸೊಸೆಯೊಬ್ಬಳು ಗಂಜಿ ಬಸಿದು ಬಡಿಸುವ ಅನ್ನದೊಂದಿಗೆ. ಆ ತಾಯಿಯ ಮನೆಯಲ್ಲಿ ಅಂತಹ ಅನ್ನ ಇರಲಿಲ್ಲ. ಅಲ್ಲಿದ್ದುದು ಮೂರು ದಿನದ ತಂಗಳು. ಆಹಾರದ ಗುಣವನ್ನು ನಿರ್ಣಯಿಸಲು ಚರಕರು ಹೇಳಿದ ಎಂಟು ಅಂಶಗಳಲ್ಲಿ ಸಂಸ್ಕಾರವೊಂದೇ ಅಲ್ಲ, ರಾಶಿ ಅಂದರೆ ಪ್ರಮಾಣವೂ ಇದೆ, ಕಾಲವೂ ಇದೆ, ಉಣ್ಣುವವನೂ ಇದ್ದಾನೆ. ಬಿಸಿಯಾದುದನ್ನು, ಮಿತವಾಗಿ, ಹಿಂದಿನ ಊಟ ಜೀರ್ಣವಾದ ಬಳಿಕ ಉಣ್ಣಬೇಕೆಂಬುದೂ ಅದೇ ವಿಮಾನಸ್ಥಾನದ ಮಾತು. ಒಬ್ಬರ ಊಟವನ್ನು ಒಬ್ಬರಿಗೆ ಬೇಕಾದಷ್ಟೇ, ಹೊತ್ತಿಗೆ ಸರಿಯಾಗಿ ಬೇಯಿಸಿಕೊಡುವ ಸಾಧನವನ್ನು ‘ಗಂಜಿ ಬಸಿಯುವುದಿಲ್ಲ’ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಿದ್ದು ನನ್ನ ತಪ್ಪು.

ವಿದ್ಯುತ್ತಿನಲ್ಲಿ ಬೆಂದುದು ಅಗ್ನಿಯಲ್ಲಿ ಬೆಂದಂತಾಗುವುದೇ ಎಂದು ಕೆಲವರು ಕೇಳುತ್ತಾರೆ. ನೀರು ಕುದಿದು ಅಕ್ಕಿ ಬೇಯುವ ಕ್ರಿಯೆ ಎರಡರಲ್ಲೂ ಒಂದೇ. ಆ ಶಂಕೆಗೆ ಹೆಚ್ಚು ಮಾತು ಬೇಕಿಲ್ಲ.

ಈ ಕುಕ್ಕರು ಹೊಸದೇನಲ್ಲ. ಜಪಾನಿನ ತೋಷಿಬಾ ಕಂಪನಿಯು 1955ರಲ್ಲೇ ತಾನಾಗಿ ಆರುವ ಅನ್ನದ ಕುಕ್ಕರನ್ನು ಮಾರುಕಟ್ಟೆಗೆ ತಂದಿತು. ಅದರ ಮರ್ಮ ಸರಳ. ಪಾತ್ರೆಯಲ್ಲಿ ನೀರಿರುವ ತನಕ ತಳದ ಶಾಖವು ನೀರು ಕುದಿಯುವ ಮಟ್ಟವನ್ನು, ಅಂದರೆ ಸುಮಾರು 100 ಡಿಗ್ರಿಯನ್ನು, ಹೆಚ್ಚು ಮೀರುವುದಿಲ್ಲ. ನೀರು ಇಂಗಿದೊಡನೆ ಶಾಖ ಏರುತ್ತದೆ. ಅದನ್ನು ಗ್ರಹಿಸಿ ಗುಂಡಿ ತಾನಾಗಿ ಮೇಲೇಳುತ್ತದೆ. ಕಿವಿ ಮಂದವಾದವರು ಕೂಗು ಎಣಿಸಬೇಕಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಅಂಜಿಕೆಯಿಲ್ಲ. ಮರೆವು ಹತ್ತಿರ ಬಂದ ವಯಸ್ಸಿನಲ್ಲಿ ಇದು ಸಣ್ಣ ಉಪಕಾರವಲ್ಲ. ಆದರೆ ಒಂದನ್ನು ನೆನಪಿಡಿ: ತೆಳುವಾದ ಗಂಜಿಗೆ ಇಟ್ಟಾಗ ನೀರು ಬತ್ತುವ ತನಕ ಅದು ಆರುವುದಿಲ್ಲ. ಆಗ ಪಕ್ಕದಲ್ಲಿದ್ದು ಕೈಯಿಂದಲೇ ಆರಿಸಬೇಕು.

ನನ್ನ ಮುಖ್ಯ ತಕರಾರು ಈಗ ಇರುವುದು ಅಡುಗೆಯಾದ ಮೇಲೆ ಉರಿಯುವ ಆ ಇನ್ನೊಂದು ದೀಪದ ಬಗ್ಗೆ. ‘ಬಿಸಿಯಾಗಿಡುವ’ ದೀಪ ಉರಿಯುತ್ತಿದೆಯೆಂದು ಬೆಳಗಿನ ಅನ್ನವನ್ನು ರಾತ್ರಿಯವರೆಗೆ ಅದರಲ್ಲೇ ಬಿಡುವವರಿದ್ದಾರೆ. ಅನ್ನ ಒಣಗಿ ರುಚಿಗೆಡುತ್ತದೆ, ಅದು ಹಾಗಿರಲಿ. ನಡುವೆ ಕರೆಂಟು ಹೋದರೆ? ಮುಚ್ಚಿದ ಪಾತ್ರೆಯಲ್ಲಿ ಅನ್ನವು ಗಂಟೆಗಟ್ಟಲೆ ಉಗುರುಬೆಚ್ಚಗೆ ಕುಳಿತಿರುತ್ತದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸಿರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳಿರುವುದುಂಟು. ಕುದಿಸಿದರೂ ಅವು ಸಾಯುವುದಿಲ್ಲ, ಉಗುರುಬೆಚ್ಚಗಿನ ಅನ್ನದಲ್ಲಿ ಬೆಳೆಯುತ್ತವೆ. ಅವು ಬಿಡುವ, ವಾಂತಿ ತರಿಸುವ ವಿಷವು ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಒಗ್ಗರಣೆ ಹಾಕಿದರೆ ವಾಸನೆ ಮುಚ್ಚೀತು, ವಿಷ ಹೋಗದು. (ನೀರು ಹಾಕಿ ಹುಳಿಬರಿಸಿ ಮಜ್ಜಿಗೆಯೊಂದಿಗೆ ಉಣ್ಣುವ ತಂಗಳನ್ನದ ಪದ್ಧತಿ ಬೇರೆ, ಅದರ ವಿಚಾರ ಇನ್ನೊಮ್ಮೆ.) ಆದುದರಿಂದ ಗುಂಡಿ ಮೇಲೆದ್ದ ಮೇಲೆ ಹತ್ತು ನಿಮಿಷ ಬಿಟ್ಟು, ಪ್ಲಗ್ ಕಿತ್ತು, ಉಂಡುಬಿಡಿ. ಬೆಳಿಗ್ಗೆ ಬೇಗ ಆಗಲೆಂದು ಅಕ್ಕಿಯನ್ನು ಸಂಜೆಯಿಂದಲೇ ಪಾತ್ರೆಯಲ್ಲಿ ನೆನೆಸಿಡುವುದೂ ಬೇಸಿಗೆಯಲ್ಲಿ ಒಳ್ಳೆಯದಲ್ಲ. ಅರ್ಧ ಗಂಟೆ ಸಾಕು.

ಮಕ್ಕಳಿಗೂ ಒಂದು ಮಾತು. ತಂದೆತಾಯಿಗೆ ಕೊಡಿಸುವಾಗ ದೊಡ್ಡದನ್ನು ಕೊಡಿಸುವುದೇ ಪ್ರೀತಿಯೆಂದು ತಿಳಿಯಬೇಡಿ. ದೊಡ್ಡ ಪಾತ್ರೆಯಲ್ಲಿ ಒಂದು ಹಿಡಿ ಅಕ್ಕಿ ಸರಿಯಾಗಿ ಬೇಯುವುದೂ ಇಲ್ಲ, ಪಾತ್ರೆ ತುಂಬಿಸುವ ಆಸೆಯೂ ಬಿಡುವುದಿಲ್ಲ. ಕೊನೆಗೆ ಮತ್ತೆ ತಂಗಳೇ. ಒಬ್ಬರಿಗೆ ಒಂದು ಲೀಟರಿಗಿಂತ ದೊಡ್ಡದು ಬೇಡ. 400 ವಾಟಿನ ಕುಕ್ಕರು ಅರ್ಧ ಗಂಟೆಗೆ 0.2 ಯೂನಿಟ್ ವಿದ್ಯುತ್ತನ್ನಷ್ಟೇ ಬಳಸುತ್ತದೆ. ಒಳಪಾತ್ರೆ ಉಕ್ಕಿನದಾದರೆ ಉತ್ತಮ. ಅಲ್ಯೂಮಿನಿಯಮ್ಮಿನದಾದರೆ ಹುಣಸೆಹುಳಿ, ಟೊಮೆಟೊ ಅದರಲ್ಲಿ ಕುದಿಸಬಾರದು. ಲೇಪನವಿರುವ ಪಾತ್ರೆಗೆ ಮರದ ಸೌಟು. ಮೂರು ಕಡ್ಡಿಯ ಪ್ಲಗ್ಗು, ಸರಿಯಾದ ಅರ್ಥಿಂಗ್ ಇರಲೇಬೇಕು. ಒಳಪಾತ್ರೆಯ ಹೊರಮೈಯನ್ನು ಒರೆಸಿಯೇ ಇಡಬೇಕು.

ಗಂಜಿ ಬಸಿಯದ ಕೊರತೆಗೆ ನಾನು ಕಂಡುಕೊಂಡ ಉಪಾಯಗಳಿವೆ. ಅಕ್ಕಿಯನ್ನು ನಾಲ್ಕೈದು ನೀರಿನಲ್ಲಿ ತೊಳೆಯಿರಿ. ಕಫ ಹೆಚ್ಚಿದವರು ಮೊದಲು ಬಾಣಲೆಯಲ್ಲಿ ಬೆಚ್ಚಗೆ ಹುರಿದುಕೊಳ್ಳಲಿ. ಕಫರೋಗಗಳಲ್ಲಿ ಹುರಿದ ಅಕ್ಕಿಯ ಅನ್ನವನ್ನು ಚರಕರೂ ಒಪ್ಪಿದ್ದಾರೆ. ಜ್ವರ ಬಿಟ್ಟು ಹಸಿವು ಮಂದವಿರುವವರಿಗೆ ಅನ್ನವೇ ಬೇಡ. ಶಾರ್ಙ್ಗಧರ ಸಂಹಿತೆಯ ಅಳತೆಯಂತೆ ಒಂದಕ್ಕೆ 6 ಪಟ್ಟು ನೀರಿಟ್ಟು ಗಂಜಿ ಮಾಡಿ. ನಿತ್ಯದ ರಾತ್ರಿಯೂಟಕ್ಕೆ ಹೆಸರುಬೇಳೆಯ ಹುಗ್ಗಿಯಷ್ಟು ಹಿತವಾದುದು ನನಗೆ ತಿಳಿದಿಲ್ಲ: ಎರಡು ಹಿಡಿ ಅಕ್ಕಿ, ಒಂದು ಹಿಡಿ ಬೇಳೆ, ನಾಲ್ಕು ಪಟ್ಟು ನೀರು, ಜೀರಿಗೆ, ಮೆಣಸು, ಜಜ್ಜಿದ ಶುಂಠಿ, ಚಿಟಿಕೆ ಅರಿಸಿನ. ಪಾತ್ರೆಯ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ನೊರೆ ಉಕ್ಕುತ್ತದೆ. ಮೇಲಿನ ಜಾಲರಿಯಲ್ಲಿ ಹೀರೆಕಾಯಿಯನ್ನೋ ಕುಂಬಳಕಾಯಿಯನ್ನೋ ಇಟ್ಟರೆ ಅದೇ ಹಬೆಯಲ್ಲಿ ಪಲ್ಯವೂ ಬೆಂದಿರುತ್ತದೆ. ತುಪ್ಪ ಬಡಿಸುವಾಗ. ತೊಗರಿಬೇಳೆ ಇದರಲ್ಲಿ ಸುಲಭವಾಗಿ ಮೆತ್ತಗಾಗದು. ಹುರುಳಿ, ಅವರೆಗಳಿಗೆ ಒತ್ತಡದ ಕುಕ್ಕರೇ ಸರಿ. ಜೋಳದ ರೊಟ್ಟಿಗೆ ಹಂಚು ಬೇಕೇ ಬೇಕು, ಅದಕ್ಕೆ ಯಾವ ಯಂತ್ರವೂ ಬದಲಿಯಲ್ಲ.

ಪ್ರಸಾದವನ್ನು ಚೆಲ್ಲಬಾರದೆಂಬ ಆ ತಾಯಿಯ ನಿಷ್ಠೆಯನ್ನು ನಾನು ಅಲ್ಲಗಳೆಯಲಿಲ್ಲ. ಚೆಲ್ಲದಿರಲು ಮೂರು ದಿನ ಉಣ್ಣುವುದೊಂದೇ ದಾರಿಯಲ್ಲ, ಉಳಿಯದಷ್ಟು ಮಾಡುವುದೂ ದಾರಿಯೇ ಎಂದಷ್ಟೇ ಹೇಳಿದೆ. ಈಗ ಅವರ ಅಡುಗೆಮನೆಯಲ್ಲಿ ಅಕ್ಕಿಯ ಡಬ್ಬಿಯೊಳಗೆ ಒಂದು ಸಣ್ಣ ಬಟ್ಟಲಿದೆ. ಅದಕ್ಕಿಂತ ಹೆಚ್ಚು ಹಾಕುವುದಿಲ್ಲ. ಕಳೆದ ವಾರ ಬಂದಾಗ ಔಷಧಿ ಕೇಳಲಿಲ್ಲ. ನವಣೆ ಅಕ್ಕಿಗೆ ನೀರು ಎಷ್ಟಿಡಬೇಕೆಂದು ಕೇಳಿದರು. ಅರ್ಧ ಗಂಟೆ ನೆನೆಸಿ, ಒಂದಕ್ಕೆ ಎರಡೂವರೆ ಇಡಿರೆಂದೆ.